ಅಂತರಜಾಲದಲ್ಲಿ ಅಂಗಡಿ ತೆರೆಯುವ ಮುನ್ನ

ಹುಣಸೂರು, ಪಿರಿಯಾಪಟ್ಟಣದ ಕಡೆ ‘ಪ್ಲಾಟ್‌ಫಾರಂ’ ಎಂದರೆ ರೈಲು ನೆನಪಾಗುವುದಿಲ್ಲ. ಅಲ್ಲಿ ಆ ಮಾತಿಗೆ ಹೊಗೆಸೊಪ್ಪಿನ ಹರಾಜು ಕಟ್ಟೆ ಎಂದೇ ಅರ್ಥ. 1984ರಲ್ಲಿ ತಂಬಾಕು ಮಂಡಳಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಆರಂಭಿಸಿದ ಮೇಲೆ ಈ ಸೀಮೆಯ ಬೆಳೆಗಾರರು ಬ್ಯಾರನ್‌ನಲ್ಲಿ ಹದಗೊಂಡ ಸೊಪ್ಪಿನ ಬೇಲುಗಳನ್ನು ಅಲ್ಲಿಗೇ ಸಾಗಿಸುತ್ತ ಬಂದಿದ್ದಾರೆ. ಒಂದು ಕಾಲಕ್ಕೆ ಬಾಯಲ್ಲಿ ಕೂಗಿ ನಡೆಯುತ್ತಿದ್ದ ಹರಾಜು ಈಗ ಎಲೆಕ್ಟ್ರಾನಿಕ್ ಯಂತ್ರದ ಮೂಲಕ ನಡೆಯುತ್ತದೆ. ಯಾರ ಸರದಿ ಯಾವ ದಿನ, ಯಾವ ಬೇಲು ಯಾವ ದರ್ಜೆ, ಹಣ ಖಾತೆಗೆ ಬರುವುದು ಹೇಗೆ ಎಂಬುದಕ್ಕೆಲ್ಲ ಅಲ್ಲಿ ನಿಯಮವುಂಟು. ಬೆಳೆ ರೈತನದು, ನಿಯಮ ಕಟ್ಟೆಯದು.

ಅದೇ ಮನೆಗಳ ಮಕ್ಕಳು ಈಗ ಇನ್ನೊಂದು ಬಗೆಯ ಪ್ಲಾಟ್‌ಫಾರಂ ಮಾತನಾಡುತ್ತಿದ್ದಾರೆ. ಎಚ್.ಡಿ. ಕೋಟೆಯ ಜೇನು, ಪಿರಿಯಾಪಟ್ಟಣದ ಶುಂಠಿ, ಕೆ.ಆರ್. ನಗರದ ಅಕ್ಕಿ, ಅಮ್ಮ ಮಾಡುವ ಸಾರಿನ ಪುಡಿ, ರಾಗಿ ಹುರಿಹಿಟ್ಟು ಇವನ್ನೆಲ್ಲ ಮೊಬೈಲಿನಲ್ಲೇ ಬೆಂಗಳೂರಿಗೆ ಮಾರಬಹುದಲ್ಲ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ. ಆದರೆ ವೆಬ್‌ಸೈಟ್ ಮಾಡಿಕೊಡುತ್ತೇವೆಂದು ಹೇಳಿ ಮುಂಗಡ ಕೇಳುವವರು ಮನೆ ಬಾಗಿಲಿಗೆ ಬಂದಾಗ ತಂದೆತಾಯಿ ಗಾಬರಿಯಾಗುವುದೂ ಸಹಜವೇ. ಬೆಳೆಸಾಲ, ಸೌದೆಯ ಖರ್ಚು ಕಳೆದು ಉಳಿದ ಹಣ ಅದು. ಕಾಣದ ಅಂಗಡಿಗೆ ಅದನ್ನು ಸುರಿಯುವ ಮುನ್ನ ಕೆಲವು ಲೆಕ್ಕಗಳನ್ನು ಮನೆಮಂದಿಯೆಲ್ಲ ಕೂತು ಹಾಕುವುದು ಒಳ್ಳೆಯದು.

ಮೊದಲ ಅಂಗಡಿಯ ಕಥೆ

ಭಾರತದಲ್ಲಿ ಅಂತರಜಾಲದ ಅಂಗಡಿ ಮೊದಲಿಗೆ ತೆರೆದ ಊರುಗಳಲ್ಲಿ ಬೆಂಗಳೂರು ಒಂದು. 1999ರಲ್ಲಿ ಕೆ. ವೈದೀಶ್ವರನ್ ಮತ್ತು ಗೆಳೆಯರು ಅಲ್ಲಿ ‘ಫ್ಯಾಬ್‌ಮಾರ್ಟ್’ ಆರಂಭಿಸಿದರು. ಆಗ ಮನೆಗಳಲ್ಲಿ ಕಂಪ್ಯೂಟರೇ ಅಪರೂಪ. ಇದ್ದರೂ ಟೆಲಿಫೋನ್ ತಂತಿಯ ಮೂಲಕ ಸಂಪರ್ಕ ಸಿಗಬೇಕು. ಕ್ರೆಡಿಟ್ ಕಾರ್ಡ್ ಇದ್ದವರು ಬೆರಳೆಣಿಕೆಯಷ್ಟು. ಮುಂದೆ ಅದೇ ಬಳಗ ಫ್ಯಾಬ್‌ಮಾಲ್ ಹೆಸರಿನಲ್ಲಿ ರಸ್ತೆಬದಿಯ ದಿನಸಿ ಅಂಗಡಿಗಳನ್ನೂ ತೆರೆಯಿತು. ಅವು ಬಳಿಕ ಆದಿತ್ಯ ಬಿರ್ಲಾ ಸಮೂಹದ ಪಾಲಾದವು. ಅಂತರಜಾಲದ ಅಂಗಡಿ ‘ಇಂಡಿಯಾಪ್ಲಾಜಾ’ ಆಗಿ ಮುಂದುವರಿದು 2013ರಲ್ಲಿ ಮುಚ್ಚಿತು. ಅಷ್ಟರಲ್ಲಿ, 2011ರಲ್ಲಿ, ಆ ಬಳಗದ ಕೆಲವರು ಬೆಂಗಳೂರಿನಲ್ಲೇ ‘ಬಿಗ್‌ಬ್ಯಾಸ್ಕೆಟ್’ ಕಟ್ಟಿದ್ದರು. ಅದು ನಿಂತಿತು.

ಇನ್ನೊಂದು ಕಥೆ ಎಲ್ಲರಿಗೂ ಗೊತ್ತಿರುವುದೇ. 2007ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬ ಇಬ್ಬರು ಯುವ ಎಂಜಿನಿಯರುಗಳು ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರುಮಾಡಿದಾಗ ಮಾರಿದ್ದು ಪುಸ್ತಕಗಳನ್ನು ಮಾತ್ರ. ಪುಸ್ತಕ ಕೊಳೆಯುವುದಿಲ್ಲ, ಒಡೆಯುವುದಿಲ್ಲ, ಚೆಲ್ಲುವುದಿಲ್ಲ. ಯಾರಿಂದ ಕೊಂಡರೂ ಒಂದೇ ಸರಕು. ಮುಟ್ಟಿ ನೋಡದೆ ಕೊಳ್ಳಬಹುದು. ಫ್ರಿಜ್, ಸೀರೆ, ಬೂಟುಗಳೆಲ್ಲ ಬಂದದ್ದು ಆಮೇಲೆ. ವಿದ್ಯಾರ್ಥಿಗಳು ಇಲ್ಲಿ ಕಲಿಯಬೇಕಾದದ್ದು ಇಷ್ಟು: ಮೊದಲು ಸರಕು ಯಾವುದೆಂದು ನಿರ್ಧಾರವಾಗಬೇಕು, ಅದಕ್ಕೆ ತಕ್ಕ ಅಂಗಡಿ ಯಾವುದೆಂಬುದು ಆಮೇಲಿನ ಮಾತು. ನಮ್ಮಲ್ಲಿ ಬಹುಪಾಲು ಜನ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಮಾರುವುದೇನೆಂದು ಗೊತ್ತಾಗುವ ಮುಂಚೆಯೇ ವೆಬ್‌ಸೈಟ್ ಸಿದ್ಧವಾಗಿರುತ್ತದೆ.

ನಾಲ್ಕು ಬಗೆಯ ಅಂಗಡಿ

ಹೆಸರುಗಳು ನೂರಿದ್ದರೂ ಬಗೆಗಳು ನಾಲ್ಕೇ.

ಮೊದಲನೆಯದು ಸಂತೆ. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಇವೆಲ್ಲ ದೊಡ್ಡ ಸಂತೆಗಳು. ಜನ ಅಲ್ಲಿ ಸದಾ ಇರುತ್ತಾರೆ. ಹೋಗಿ ಗೋಣಿ ಹಾಸಿ ಕೂತರಾಯಿತು. ಆದರೆ ಸುಂಕ ಕೊಡಬೇಕು. ಕಮಿಷನ್, ಸಾಗಣೆ, ಇತರ ಶುಲ್ಕಗಳೆಲ್ಲ ಕಳೆದು ಉಳಿದದ್ದು ಕೆಲವು ದಿನಗಳ ನಂತರ ಖಾತೆಗೆ ಬರುತ್ತದೆ. ಪಕ್ಕದಲ್ಲೇ ಹತ್ತು ರೂಪಾಯಿ ಕಡಿಮೆಗೆ ಮಾರುವವನೂ ಕೂತಿರುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಗಿರಾಕಿ ಸಂತೆಯವನು, ಅಂಗಡಿಯವನಲ್ಲ. ನಿಯಮ ಬದಲಾದರೆ ಅಥವಾ ಖಾತೆ ತಡೆಹಿಡಿದರೆ ಆ ಗಿರಾಕಿಯನ್ನು ಮತ್ತೆ ಹುಡುಕಲು ಒಂದು ಫೋನ್ ನಂಬರೂ ಕೈಯಲ್ಲಿರುವುದಿಲ್ಲ.

ಎರಡನೆಯದು ಬಾಡಿಗೆ ಮಳಿಗೆ. ಶಾಪಿಫೈಯಂಥ ಕಂಪನಿಗಳು ತಿಂಗಳ ಬಾಡಿಗೆಗೆ ಸಿದ್ಧ ಅಂಗಡಿ ಕೊಡುತ್ತವೆ. ಇದು ಹುಟ್ಟಿದ್ದೇ ಒಂದು ಅಂಗಡಿಯಿಂದ. 2004ರಲ್ಲಿ ಕೆನಡಾದಲ್ಲಿ ಹಿಮದ ಮೇಲೆ ಜಾರುವ ಹಲಗೆಗಳನ್ನು ಮಾರಲು ಹೊರಟ ಟೋಬಿ ಲೂಟ್ಕೆ ಎಂಬ ಯುವಕನಿಗೆ ಒಪ್ಪುವ ಸಾಫ್ಟ್‌ವೇರ್ ಸಿಗದೆ ತಾನೇ ಬರೆದುಕೊಂಡ. 2006ರಲ್ಲಿ ಅದನ್ನೇ ಇತರರಿಗೆ ಬಾಡಿಗೆಗೆ ಕೊಡತೊಡಗಿದ. ಇಲ್ಲಿ ಫಲಕ ನಿಮ್ಮದು, ಗಿರಾಕಿಯೂ ನಿಮ್ಮವನು. ಆದರೆ ಮಳಿಗೆ ಇರುವುದು ಜನ ಓಡಾಡದ ಓಣಿಯಲ್ಲಿ. ಗಿರಾಕಿಯನ್ನು ಕರೆತರುವ ಕೆಲಸ ಅಂಗಡಿಯವನದೇ. ವ್ಯಾಪಾರ ಆಗಲಿ ಬಿಡಲಿ, ಬಾಡಿಗೆ ನಿಲ್ಲದು.

ಮೂರನೆಯದು ಸ್ವಂತ ಕಟ್ಟಡ. ವರ್ಡ್‌ಪ್ರೆಸ್ ಎಂಬ ಉಚಿತ ತಂತ್ರಾಂಶಕ್ಕೆ 2011ರಲ್ಲಿ ಬಂದ ವೂಕಾಮರ್ಸ್ ಜೋಡಿಸಿದರೆ ಅಂಗಡಿ ಸಿದ್ಧ. ಆದರೆ ಹಸು ಪುಕ್ಕಟೆ ಸಿಕ್ಕರೂ ಕೊಟ್ಟಿಗೆ, ಮೇವು ಪುಕ್ಕಟೆಯಲ್ಲ. ಹೆಸರಿನ ನೋಂದಣಿಗೂ ಹೋಸ್ಟಿಂಗ್ ಎಂಬ ಅಂತರಜಾಲದ ಜಾಗಕ್ಕೂ ವರ್ಷವರ್ಷ ಹಣ ಕಟ್ಟಬೇಕು, ಕಳ್ಳರು ನುಗ್ಗದಂತೆ ತಂತ್ರಾಂಶವನ್ನು ಆಗಾಗ ಪರಿಷ್ಕರಿಸಬೇಕು. ಬಿ.ಸಿ.ಎ., ಎಂಜಿನಿಯರಿಂಗ್ ಓದುವವರಿಗೆ ಇದು ಒಳ್ಳೆಯ ಪಾಠಶಾಲೆ. ಉಳಿದವರಿಗೆ ತಲೆನೋವು.

ನಾಲ್ಕನೆಯದು ಮನೆಯ ಜಗುಲಿ. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಸರಕಿನ ಚಿತ್ರ, ಬೆಲೆಗಳ ಪಟ್ಟಿ ಹಾಕಬಹುದು. ಯುಪಿಐ ಮೂಲಕ ಹಣ ಪಡೆಯಬಹುದು. ಬಾಡಿಗೆಯೂ ಇಲ್ಲ, ಸುಂಕವೂ ಇಲ್ಲ. ಪರಿಚಿತರು, ಅವರ ಪರಿಚಿತರು, ಬೆಂಗಳೂರು ಸೇರಿದ ಊರಿನವರು ಇವರೇ ಮೊದಲ ಗಿರಾಕಿಗಳು. ದಿನಕ್ಕೆ ಹತ್ತಿಪ್ಪತ್ತು ಆರ್ಡರು ಬರತೊಡಗಿದಾಗ ಇದು ಕೈ ಮೀರುತ್ತದೆ. ಅಲ್ಲಿಯವರೆಗೆ ಸಾಕು.

ಇವುಗಳ ಜೊತೆಗೆ ಒಎನ್‌ಡಿಸಿ ಎಂಬ ಜಾಲವೊಂದಿದೆ. ಕೇಂದ್ರ ಸರ್ಕಾರದ ಉತ್ತೇಜನದಿಂದ 2021ರ ಕೊನೆಗೆ ಸ್ಥಾಪನೆಯಾಗಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ಪ್ರಯೋಗ ಕಂಡ ಇದು ಸ್ವತಃ ಸಂತೆಯಲ್ಲ, ಸಂತೆಗಳ ನಡುವಿನ ರಸ್ತೆ. ಮಾರುವವನು ಒಂದು ಆ್ಯಪ್‌ನಲ್ಲಿದ್ದು ಕೊಳ್ಳುವವನು ಇನ್ನೊಂದರಲ್ಲಿದ್ದರೂ ವ್ಯಾಪಾರ ಕುದುರಬಹುದು. ಸ್ತ್ರೀಶಕ್ತಿ, ಸ್ವಸಹಾಯ ಸಂಘಗಳ ತಾಯಂದಿರಿಗೆ ಗ್ರಾಮೀಣಾಭಿವೃದ್ಧಿ ಸಚಿವಾಲಯದ ‘ಇ-ಸರಸ್’ ಕೂಡ ಉಂಟು.

ಹೊಸಬರಿಗೆ ಹೊಂದುವ ಕ್ರಮವೆಂದರೆ ಜಗುಲಿಯಿಂದ ಶುರುಮಾಡಿ, ಸರಕಿಗೆ ಬೇಡಿಕೆಯಿದೆಯೆಂದು ಖಚಿತವಾದ ಮೇಲೆ ಸಂತೆಗೆ ಹೋಗುವುದು. ಒಮ್ಮೆ ಕೊಂಡವರು ತಾವಾಗಿ ಮತ್ತೆ ಕೇಳತೊಡಗಿದಾಗ ಮಾತ್ರ ಸ್ವಂತ ಫಲಕ ಹಾಕುವುದು.

ತಕ್ಕಡಿ ಹೇಳುವ ಸತ್ಯ

ಕೆ.ಆರ್. ನಗರ ಭತ್ತದ ಕಣಜವೆಂದು ಹೆಸರಾದ ಸೀಮೆ. ಆದರೆ ಅಕ್ಕಿಯನ್ನು ಕೊರಿಯರಿನಲ್ಲಿ ಕಳಿಸಿ ಲಾಭ ಮಾಡುವುದು ಕಷ್ಟ. ಕಿಲೋಗೆ 60 ರೂಪಾಯಿಯಂತೆ 5 ಕಿಲೋ ಅಕ್ಕಿಗೆ 300 ರೂಪಾಯಿ ಎಂದಿಟ್ಟುಕೊಳ್ಳಿ. ಸಾಗಣೆಗೇ 200 ರೂಪಾಯಿ ಬಿದ್ದರೆ ಕೊಳ್ಳುವವನು ಪಕ್ಕದ ಅಂಗಡಿಗೆ ಹೋಗುತ್ತಾನೆ. ಅದೇ ಒಣಶುಂಠಿ ಪುಡಿ ಕಾಲು ಕಿಲೋಗೆ 150 ರೂಪಾಯಿ, ಸಾಗಣೆ 60 ಎಂದಿಟ್ಟುಕೊಳ್ಳಿ, ಅದೂ ಹೊರೆಯೇ. ನಾಲ್ಕು ಪೊಟ್ಟಣ ಒಟ್ಟಿಗೆ ಕಳಿಸಿದರೆ ಸರಕು 600 ರೂಪಾಯಿಯದು, ಸಾಗಣೆ 100ರ ಆಸುಪಾಸು. ಆಗ ಲೆಕ್ಕ ಕೂಡುತ್ತದೆ. ತೂಕ ಕಡಿಮೆ, ಬೆಲೆ ಹೆಚ್ಚು, ಬಾಳಿಕೆ ದೀರ್ಘ ಇರುವ ಸರಕು ಅಂತರಜಾಲಕ್ಕೆ ಒಗ್ಗುತ್ತದೆ. ಹಸಿ ಶುಂಠಿಗಿಂತ ಪುಡಿ, ರಾಗಿಗಿಂತ ಹುರಿಹಿಟ್ಟು ವಾಸಿ.

ಕೊರಿಯರಿನವರು ತೂಕವನ್ನಷ್ಟೇ ನೋಡುವುದಿಲ್ಲ, ಗಾತ್ರವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ರೂಢಿ. 40, 30, 20 ಸೆಂ.ಮೀ. ಪೆಟ್ಟಿಗೆ ಈ ಲೆಕ್ಕದಲ್ಲಿ 4.8 ಕಿಲೋ. ಒಳಗಿರುವುದು ಒಂದೇ ಕಿಲೋ ಆದರೂ ದರ ಹೆಚ್ಚಿನದಕ್ಕೇ.

ಹಣ ಪಡೆಯುವುದಕ್ಕೂ ಖರ್ಚುಂಟು. ವೆಬ್‌ಸೈಟಿನಲ್ಲಿ ಕಾರ್ಡ್ ಮೂಲಕ ಹಣ ಸ್ವೀಕರಿಸಲು ಸಂಸ್ಥೆಯೊಂದು ನೂರಕ್ಕೆ 2 ರೂಪಾಯಿ ಹಿಡಿಯುತ್ತದೆ ಎಂದರೆ, 500 ರೂಪಾಯಿಗೆ 10 ರೂಪಾಯಿ, ಆ ಹತ್ತರ ಮೇಲೆ ಶೇ. 18 ಜಿಎಸ್‌ಟಿ ಸೇರಿ 11.80. ಮನೆ ಬಾಗಿಲಲ್ಲಿ ಹಣ ಪಡೆಯುವ ಪದ್ಧತಿಯನ್ನು 2010ರಲ್ಲಿ ಫ್ಲಿಪ್‌ಕಾರ್ಟ್ ತಂದಾಗ ವ್ಯಾಪಾರ ಹಿಗ್ಗಿದ್ದು ನಿಜ. ಆದರೆ ಸಣ್ಣವರಿಗೆ ಅದು ಕತ್ತಿಯಂಚು. ಹತ್ತು ಪಾರ್ಸೆಲಿನಲ್ಲಿ ಎಂಟು ತಲುಪಿ ತಲಾ 60 ರೂಪಾಯಿ ಉಳಿದರೆ 480. ಎರಡು ವಾಪಸು ಬಂದು ಹೋಗಿಬರುವ ಖರ್ಚು ತಲಾ 140 ಆದರೆ 280 ಹೋಯಿತು. ಉಳಿದದ್ದು 200. ಮೊದಲ ವರ್ಷ ಮುಂಗಡ ಹಣಕ್ಕಷ್ಟೇ ಸರಕು ಕಳಿಸುವುದು ಕ್ಷೇಮ.

ಕಾಗದಪತ್ರಗಳು

ಭಾರತೀಯ ಕರಾರು ಕಾಯಿದೆಯ ಪ್ರಕಾರ 18 ತುಂಬದವರು ಕರಾರಿಗೆ ಅರ್ಹರಲ್ಲ. ಆದ್ದರಿಂದ ಪಿ.ಯು.ಸಿ. ಓದುವ ಮಗಳು ಅಂಗಡಿ ನಡೆಸಿದರೂ ಖಾತೆ ತಾಯಿಯ ಅಥವಾ ತಂದೆಯ ಹೆಸರಿನಲ್ಲಿರಬೇಕಾಗುತ್ತದೆ. ತೆರಿಗೆ, ದೂರು, ಜವಾಬ್ದಾರಿ ಎಲ್ಲವೂ ಆ ಹೆಸರಿಗೇ ಬರುತ್ತದೆ. ಸಹಿ ಹಾಕುವ ಮುನ್ನ ಹಿರಿಯರು ನಿಯಮಗಳನ್ನು ಮಗಳಿಂದಲೇ ಓದಿಸಿ ಕೇಳಲಿ.

ಬರೀ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ತೆರಿಗೆ ಇರುವ ಸರಕು ರಾಜ್ಯದ ಗಡಿ ದಾಟಿದರೆ, ಕೆಲವು ಕರಕುಶಲ ವಸ್ತುಗಳ ಹೊರತು, ವಹಿವಾಟು ಎಷ್ಟೇ ಇದ್ದರೂ ನೋಂದಣಿ ಬೇಕು. ಎಚ್.ಡಿ. ಕೋಟೆಗೆ ಮಾನಂದವಾಡಿ ಹತ್ತಿರ, ಬೀದರ್ ದೂರ. ತೆರಿಗೆಯ ಕಣ್ಣಿಗೆ ಮಾತ್ರ ಬೀದರ್ ಒಳನಾಡು, ಮಾನಂದವಾಡಿ ಹೊರನಾಡು. ಸಂತೆಯ ಬಗೆಯ ಜಾಲತಾಣಗಳಲ್ಲಿ ಮಾರಲು ಮೊದಲು ಎಲ್ಲರಿಗೂ ನೋಂದಣಿ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ ಜಿಎಸ್‌ಟಿ ತಾಣದಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕೆಂದು ವಿನಾಯಿತಿ ಸಿಕ್ಕಿತು. ತೆರಿಗೆ ಸಲಹೆಗಾರರನ್ನು ಒಮ್ಮೆ ಕಂಡು ಬರುವುದು ಲೇಸು.

ತಿನ್ನುವ ಪದಾರ್ಥವಾದರೆ, ಮನೆಯಲ್ಲೇ ಮಾಡಿದ್ದಾದರೂ, ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು, ದೂರಿಗೆ ಸಂಪರ್ಕ ಇರಬೇಕು. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಸರಕು ವಾಪಸಾತಿ, ಹಣ ಹಿಂತಿರುಗಿಸುವಿಕೆಯ ಷರತ್ತುಗಳನ್ನು ಗಿರಾಕಿಗೆ ಮುಂಚೆಯೇ ತಿಳಿಸಬೇಕು. ಸಣ್ಣ ಉದ್ಯಮಕ್ಕೆ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಸಂಪೂರ್ಣ ಉಚಿತ. ಅದಕ್ಕೆ ಸಾವಿರಾರು ರೂಪಾಯಿ ಕೇಳುವ ತಾಣಗಳು ಸರ್ಕಾರದ್ದಲ್ಲ.

ಕಟ್ಟುವಾಗಿನ ಎಚ್ಚರ

ಸ್ವಂತ ಅಂಗಡಿ ಕಟ್ಟುವವರು ಮರೆಯಬಾರದ ಮಾತೊಂದಿದೆ. ವೆಬ್‌ಸೈಟಿನ ಹೆಸರು, ಅಂದರೆ ಡೊಮೈನ್, ಕಟ್ಟಿಕೊಟ್ಟವನ ಹೆಸರಿನಲ್ಲಲ್ಲ, ನಿಮ್ಮ ಇ-ಮೇಲ್ ಮತ್ತು ಫೋನ್ ನಂಬರಿನಲ್ಲೇ ನೋಂದಣಿಯಾಗಿರಬೇಕು. ಪಹಣಿ ಇನ್ನೊಬ್ಬನ ಹೆಸರಿನಲ್ಲಿದ್ದರೆ ಜಮೀನಿನಲ್ಲಿ ಮನೆ ಕಟ್ಟುವವರುಂಟೇ? ಪಾಸ್‌ವರ್ಡುಗಳನ್ನು ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ.

ಐದಾರು ಸರಕು ಸಾಕು. ಚಿತ್ರವನ್ನು ಬೆಳಗಿನ ಬೆಳಕಿನಲ್ಲಿ ತೆಗೆಯಿರಿ. ಅಳತೆ ತಿಳಿಯಲು ಪಕ್ಕದಲ್ಲೊಂದು ಚಮಚವಿಡಿ. ವಿವರಣೆ ಕನ್ನಡದಲ್ಲೂ ಇರಲಿ. ಕನ್ನಡ ಓದಿ ಕೊಳ್ಳುವ ಗಿರಾಕಿಗಳು ಬೇಕಾದಷ್ಟಿದ್ದಾರೆ. ತೆರೆಯುವ ಮುನ್ನ ದೂರದ ಊರಿನ ನೆಂಟರಿಗೆ ಒಂದು ಪಾರ್ಸೆಲು ಕಳಿಸಿ, ಎಷ್ಟು ದಿನಕ್ಕೆ, ಯಾವ ಸ್ಥಿತಿಯಲ್ಲಿ ತಲುಪಿತೆಂದು ವಿಚಾರಿಸಿ. ಜೇನಿನ ಸೀಸೆ ಸೋರಿದರೆ ಅದು ನೆಂಟರ ಮನೆಯಲ್ಲೇ ಸೋರಲಿ.

ವಂಚಕರೂ ಗಿರಾಕಿಯ ವೇಷದಲ್ಲಿ ಬರುತ್ತಾರೆ. ಹಣ ಕಳಿಸುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುತ್ತಾರೆ. ಹಣ ಪಡೆಯಲು ಪಿನ್ ಬೇಕಿಲ್ಲ; ಪಿನ್ ಒತ್ತಿದರೆ ಹಣ ಹೋಗುತ್ತದೆ. ಪಾವತಿಯ ಚಿತ್ರ ನಂಬಬೇಡಿ, ಬ್ಯಾಂಕ್ ಖಾತೆಯಲ್ಲೇ ನೋಡಿ. ಮೋಸವಾದ ಕೂಡಲೇ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಕೈಗೆ ಸಿಗುವುದು ಕಷ್ಟ.

ಹೆತ್ತವರಿಗೆ ಎರಡು ಮಾತು

ಬೇಡವೆಂದು ಗದರಿಸುವುದೂ ತಪ್ಪು, ಕೇಳಿದಷ್ಟು ಕೊಡುವುದೂ ತಪ್ಪು. ಮುಳುಗಿದರೂ ಮನೆ ಅಲುಗದಷ್ಟು ಮೊತ್ತವನ್ನು ಮೊದಲೇ ಗೊತ್ತುಮಾಡಿ. ಅದರ ಮೇಲೆ ಸಾಲ ತರುವಂತಿಲ್ಲ ಎಂದು ಹೇಳಿ. ಪರೀಕ್ಷೆಯ ತಿಂಗಳಲ್ಲಿ ಅಂಗಡಿಗೆ ರಜೆ ಎಂಬ ಒಪ್ಪಂದವಿರಲಿ. ಆರು ತಿಂಗಳಿಗೊಮ್ಮೆ ಲೆಕ್ಕದ ಪುಸ್ತಕ ತೆರೆದು ಒಟ್ಟಿಗೆ ನೋಡಿ. ಲಾಭ ಬಾರದಿದ್ದರೂ ಬೆಲೆ ಕಟ್ಟುವುದು, ಕಾಗದ ಬರೆಯುವುದು, ಕೊಟ್ಟ ಮಾತಿಗೆ ನಿಲ್ಲುವುದು ಇವನ್ನು ಮಕ್ಕಳು ಕಲಿತಿರುತ್ತಾರೆ.

ಇನ್ನು ಆರಂಭ ಎಲ್ಲಿಂದ? ಮಾರಬೇಕೆಂದಿರುವ ವಸ್ತುವನ್ನು ಗಟ್ಟಿಯಾಗಿ ಕಟ್ಟಿ, ಈ ವಾರವೇ ಊರಿನ ಅಂಚೆ ಕಚೇರಿಗೂ ಒಂದು ಕೊರಿಯರ್ ಕಚೇರಿಗೂ ಒಯ್ದು ತೂಗಿಸಿ. ಬೆಂಗಳೂರಿಗೆ ಎಷ್ಟು, ಬೀದರಿಗೆ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಅದಕ್ಕೆ ಪೈಸೆ ಖರ್ಚಿಲ್ಲ. ಆ ಎರಡು ಅಂಕಿಗಳನ್ನು ಮುಂದಿಟ್ಟುಕೊಂಡು ಕೂತರೆ, ಯಾವ ಅಂಗಡಿ ಬೇಕೆಂಬ ಪ್ರಶ್ನೆ ಅರ್ಧ ಬಗೆಹರಿದಿರುತ್ತದೆ.