ನಿಮಗಿದು ಗೊತ್ತೆ? ಘಟ್ಟ ದಾಟುವ ಹ್ಯಾಮ್ ರೇಡಿಯೊ

ಮಳೆಗಾಲದಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಕರೆಂಟ್ ಹೋಗಿ ಮೊಬೈಲ್ ಟವರ್ ಕೈಕೊಟ್ಟರೂ ಹ್ಯಾಮ್ ರೇಡಿಯೊದಲ್ಲಿ, ಅಂದರೆ ಹವ್ಯಾಸಿಗಳು ಪರಸ್ಪರ ಮಾತಾಡುವ ರೇಡಿಯೊದಲ್ಲಿ, ಸುದ್ದಿ ತಿಳಿಯಬಹುದು. ಬೇಕಾದದ್ದು ಒಂದು ಸೆಟ್, ಕಾರಿನ 12 ವೋಲ್ಟ್ ಬ್ಯಾಟರಿ, ತೆಂಗಿನ ಮರಗಳ ನಡುವೆ ಕಟ್ಟಿದ ಸುಮಾರು 20 ಮೀಟರ್ ತಂತಿ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ (ಅತಿ ಹೆಚ್ಚಿನ ಆವರ್ತನದ) ಸೆಟ್ಟಿಗೆ ಪಶ್ಚಿಮ ಘಟ್ಟ ಅಡ್ಡ. 7 ಮೆಗಾಹರ್ಟ್ಸ್‌ನ ಅಲೆ ಹಾಗಲ್ಲ: ನೆತ್ತಿಯ ಮೇಲಿನ ಅಯಾನುಗೋಳಕ್ಕೆ ತಾಗಿ ಮರಳಿ, ಹಗಲಲ್ಲಿ ಬೆಂಗಳೂರಿನವರೆಗೂ ಮುಟ್ಟಬಲ್ಲದು. 2004ರ ಡಿಸೆಂಬರ್ 26ರಂದು ಸುನಾಮಿಯಾದಾಗ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಅಂಡಮಾನ್‌ನ ಸುದ್ದಿಯನ್ನು ಹೊರಜಗತ್ತಿಗೆ ತಲುಪಿಸಿತ್ತು. ಗಂಗೊಳ್ಳಿ, ಮರವಂತೆಯಂಥ ಕಡಲೂರುಗಳ ಹೈಸ್ಕೂಲ್ ಮಕ್ಕಳು ಹ್ಯಾಮ್ ರೇಡಿಯೊ ಕಲಿಯಲೇಬೇಕು. 12 ವರ್ಷ ತುಂಬಿ, ಕೇಂದ್ರ ಸರ್ಕಾರದ ಪರೀಕ್ಷೆ ಪಾಸಾದವರಿಗೆ ಲೈಸೆನ್ಸ್ ಜೊತೆಗೆ ‘ವಿಯು’ ಎಂದು ಶುರುವಾಗುವ ಸ್ವಂತ ಕರೆಗುರುತು ಸಿಗುತ್ತದೆ.