ಎರಡು ಬಿಂದು, ಒಂದು ರೇಖೆ: ಜ್ವರಮಾಪಕದ ಲೆಕ್ಕ

ಎರಡು ಬಿಂದುಗಳ ಮೂಲಕ ಒಂದೇ ಒಂದು ಸರಳರೇಖೆಯನ್ನು ಎಳೆಯಬಹುದೆಂಬುದು ಶಾಲೆಯಲ್ಲಿ ಎಲ್ಲರೂ ಕಲಿತ ಪಾಠ. ಪರೀಕ್ಷೆ ಮುಗಿದೊಡನೆ ಅದನ್ನು ಮರೆತವರೇ ಹೆಚ್ಚು. ಆದರೆ ಮನೆಯಲ್ಲಿ ಮಗುವಿಗೆ ಜ್ವರ ಬಂದ ರಾತ್ರಿ ಆ ಪಾಠ ಮತ್ತೆ ಎದುರು ನಿಲ್ಲುತ್ತದೆ. ಅಜ್ಜಿಯ ಕಾಲದ ಪಾದರಸದ ಜ್ವರಮಾಪಕ ತೋರಿಸುವುದು ಫ್ಯಾರನ್‌ಹೀಟ್. ವೈದ್ಯರ ಚೀಟಿಯಲ್ಲಿರುವುದು ಸೆಲ್ಸಿಯಸ್. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ಸೂತ್ರವು ಸರಳರೇಖೆಯ ಸಮೀಕರಣವಲ್ಲದೆ ಬೇರೇನೂ ಅಲ್ಲ.

ಇಲ್ಲಿ ನಮಗೆ ಎರಡು ಬಿಂದುಗಳು ತಿಳಿದಿವೆ. ಮಂಜುಗಡ್ಡೆ ಕರಗುವುದು 0 ಸೆಲ್ಸಿಯಸ್‌ನಲ್ಲಿ, ಅಂದರೆ 32 ಫ್ಯಾರನ್‌ಹೀಟ್‌ನಲ್ಲಿ. ಸಮುದ್ರಮಟ್ಟದಲ್ಲಿ ನೀರು ಕುದಿಯುವುದು 100 ಸೆಲ್ಸಿಯಸ್‌ನಲ್ಲಿ, ಅಂದರೆ 212 ಫ್ಯಾರನ್‌ಹೀಟ್‌ನಲ್ಲಿ. ಸೆಲ್ಸಿಯಸ್ಸನ್ನು ಅಡ್ಡ ಅಕ್ಷದಲ್ಲಿಯೂ ಫ್ಯಾರನ್‌ಹೀಟನ್ನು ಲಂಬ ಅಕ್ಷದಲ್ಲಿಯೂ ಗುರುತಿಸಿದರೆ, ಅಡ್ಡಲಾಗಿ 100 ಹೆಜ್ಜೆ ಸಾಗುವಷ್ಟರಲ್ಲಿ ರೇಖೆಯು 212 ಕಳೆ 32, ಅಂದರೆ 180 ಹೆಜ್ಜೆ ಮೇಲೇರುತ್ತದೆ. 180ನ್ನು 100ರಿಂದ ಭಾಗಿಸಿದರೆ 1.8. ಇದೇ ರೇಖೆಯ ಇಳಿಜಾರು. ಸೆಲ್ಸಿಯಸ್ ಸೊನ್ನೆಯಿರುವಾಗ ರೇಖೆ 32ರಿಂದ ಹೊರಡುತ್ತದೆ. ಆದ್ದರಿಂದ ಸಮೀಕರಣ ಹೀಗಾಗುತ್ತದೆ:

ಫಾ = 1.8 × ಸೆ + 32

ಸೆ ಇರುವಲ್ಲಿ 37 ಹಾಕಿದರೆ 98.6 ಬರುತ್ತದೆ. ಆರೋಗ್ಯವಂತನ ಉಷ್ಣತೆಯೆಂದು ಎಲ್ಲರೂ ಹೇಳುವ ಈ 98.6ರಲ್ಲಿನ ದಶಾಂಶಕ್ಕೆ ವಿಶೇಷ ಮಹತ್ತ್ವವೇನೂ ಇಲ್ಲ. 1868ರಲ್ಲಿ ಜರ್ಮನಿಯ ವೈದ್ಯ ವುಂಡರ್ಲಿಖ್ ಪ್ರಚಾರಕ್ಕೆ ತಂದ 37 ಎಂಬ ಪೂರ್ಣಸಂಖ್ಯೆ ಈ ರೇಖೆಯ ಮೇಲೆ ನಡೆದುಬಂದಾಗ ಅಂಟಿಕೊಂಡ ಬಾಲವದು. ಮನುಷ್ಯನ ಉಷ್ಣತೆ ಬೆಳಿಗ್ಗೆ ಕೊಂಚ ಕಡಿಮೆ, ಸಂಜೆ ಕೊಂಚ ಹೆಚ್ಚು ಇರುವುದು ಸಹಜ.

ರೇಖೆಯ ಮೇಲಿನ ಯಾವ ಬಿಂದುವಿನಿಂದ ಹೊರಟರೂ ಲೆಕ್ಕ ಒಂದೇ. ಜ್ವರಕ್ಕೆ 37–98.6 ಎಂಬ ಬಿಂದುವೇ ಅನುಕೂಲ. 39 ಎಂದರೆ ಎರಡು ಡಿಗ್ರಿ ಹೆಚ್ಚು. ಎರಡು ಸಲ 1.8 ಎಂದರೆ 3.6, ಕೂಡಿದರೆ 102.2. ಕಾಗದ ಪೆನ್ಸಿಲ್ ಬೇಕಿಲ್ಲ.

ಇದರ ಬದಲು "ಎರಡರಿಂದ ಗುಣಿಸಿ ಮೂವತ್ತು ಕೂಡಿಸಿ" ಎಂಬ ಅಡ್ಡದಾರಿಯೊಂದು ಬಳಕೆಯಲ್ಲಿದೆ. ಅದೂ ಒಂದು ಸರಳರೇಖೆಯೇ, ಆದರೆ ಬೇರೆ ರೇಖೆ. ಅದು ನಿಜವಾದ ರೇಖೆಯನ್ನು 10 ಸೆಲ್ಸಿಯಸ್‌ನಲ್ಲಿ ಮಾತ್ರ ಸಂಧಿಸುತ್ತದೆ. ಚಳಿಗಾಲದ ಹವೆಯನ್ನು ಊಹಿಸಲು ಸಾಕು, ಜ್ವರಕ್ಕೆ ಸಲ್ಲದು. 39ನ್ನು ಅದು 108 ಮಾಡಿ ಮನೆಮಂದಿಯನ್ನು ಬೆದರಿಸುತ್ತದೆ. ಅದಕ್ಕಿಂತ ಅಪಾಯಕರವಾದುದು ಹಿಮ್ಮುಖ ಲೆಕ್ಕ: 102ರಿಂದ 30 ಕಳೆದು ಅರ್ಧಿಸಿದರೆ 36 ಬರುತ್ತದೆ. ಮೈ ಸುಡುತ್ತಿರುವ ಮಗುವಿಗೆ ಜ್ವರವೇ ಇಲ್ಲವೆಂದಾಯಿತು! ನಿಜವಾದ ಉತ್ತರ 38.9.

ಇನ್ನೊಂದು ಎಚ್ಚರಿಕೆ. ಎರಡು ಬಿಂದುಗಳು ರೇಖೆಯನ್ನು ನಿರ್ಧರಿಸುತ್ತವೆ, ನಿಜ. ಆದರೆ ವಿಷಯವೇ ನೇರವಾಗಿ ನಡೆಯುತ್ತದೆಂದು ಅವು ಭರವಸೆ ಕೊಡುವುದಿಲ್ಲ. ಸಾವಿರ ರೂಪಾಯಿಯನ್ನು ಶೇಕಡ 8ರ ಸರಳಬಡ್ಡಿಗೂ ವಾರ್ಷಿಕ ಚಕ್ರಬಡ್ಡಿಗೂ ಇಟ್ಟು ನೋಡಿ. ಮೊದಲ ದಿನ ಎರಡರಲ್ಲೂ 1000, ವರ್ಷದ ಕೊನೆಗೆ ಎರಡರಲ್ಲೂ 1080. ಎರಡೇ ಬಿಂದು ಕಂಡವನಿಗೆ ಭೇದ ತಿಳಿಯದು. ಎರಡನೆಯ ವರ್ಷಾಂತ್ಯದಲ್ಲಿ ಒಂದು 1160, ಇನ್ನೊಂದು 1166.40. ಮೂರನೆಯ ಬಿಂದು ಬಂದಾಗಲೇ ಗುಟ್ಟು ಹೊರಬೀಳುವುದು.

ಜ್ವರವೂ ಹಾಗೆಯೇ. ಎಂಟು ಗಂಟೆಗೆ 102, ಹತ್ತಕ್ಕೆ 103 ಇದ್ದರೆ, ಸಂಜೆ ಆರಕ್ಕೆ 107 ಆಗಬೇಕೆಂದು ರೇಖೆ ಹೇಳುತ್ತದೆ. ಶರೀರ ಆ ಮಾತು ಕೇಳಬೇಕೆಂದಿಲ್ಲ. ಮಲೇರಿಯಾದಲ್ಲಿ ಚಳಿ ಹಿಡಿದು, ಜ್ವರ ಏರಿ, ಬೆವರು ಸುರಿದು ಇಳಿದುಬಿಡಬಹುದು. ಇಳಿದ ಎರಡು ಅಂಕಿಗಳನ್ನು ಕಂಡು ಗುಣವಾಯಿತೆಂದು ರಕ್ತಪರೀಕ್ಷೆಯನ್ನು ಕೈಬಿಟ್ಟರೆ, ಒಂದೆರಡು ದಿನದಲ್ಲಿ ಜ್ವರ ಮರಳೀತು. ರೋಗ ಒಳಗೇ ಬಲಿಯುತ್ತಿರಲೂಬಹುದು.

ಮಲೇರಿಯಾದ ಮಾತು ಬಂದಮೇಲೆ ಬೇಗಂಪೇಟೆಯನ್ನು ಮರೆಯಲಾಗದು. ಹಳೆಯ ವಿಮಾನ ನಿಲ್ದಾಣದ ಬಳಿಯಿರುವ ರೊನಾಲ್ಡ್ ರಾಸ್ ಸ್ಮಾರಕ ಕಟ್ಟಡದ ಎದುರು ನಿತ್ಯ ಹಾದುಹೋಗುವ ನಮ್ಮವರು ಎಷ್ಟೋ ಮಂದಿ. ಬೆಂಗಳೂರಿನಲ್ಲಿ ಕಾಲರಾ ನಿವಾರಣೆಯ ಕೆಲಸ ಮಾಡಿ ಬಂದಿದ್ದ ಈ ಸೇನಾವೈದ್ಯ 1897ರ ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ರೋಗಿಯ ರಕ್ತವನ್ನು ಸೊಳ್ಳೆಗಳಿಗೆ ಕುಡಿಸಿದ. ಕಚ್ಚಿದ ಒಂದೊಂದು ಸೊಳ್ಳೆಗೂ ಒಂದು ಆಣೆಯ ಸಂಭಾವನೆ! 20ರಂದು ಒಂದು ಸೊಳ್ಳೆಯನ್ನು ಸೀಳಿದಾಗ, ಅದರ ಜಠರದ ಗೋಡೆಯಲ್ಲಿ ಮಲೇರಿಯಾದ ಕಪ್ಪು ವರ್ಣಕಣಗಳಿದ್ದ ಕೋಶಗಳು ಕಂಡವು. 21ರಂದು ಸೀಳಿದ ಕೊನೆಯ ಸೊಳ್ಳೆಯಲ್ಲಿ ಅವೇ ಕೋಶಗಳು ಇನ್ನೂ ದೊಡ್ಡವಾಗಿದ್ದವು.

ನಾಲ್ಕನೆಯ ದಿನ ಒಂದು ಅಳತೆ, ಐದನೆಯ ದಿನ ಇನ್ನೊಂದು: ರಾಸನ ಕೈಯಲ್ಲಿದ್ದುದು ಎರಡೇ ಬಿಂದು. ಸೊಳ್ಳೆಯೊಳಗೆ ಪರೋಪಜೀವಿ ಬೆಳೆಯುತ್ತಿದೆಯೆಂದು ತಿಳಿಯಲು ಅಷ್ಟು ಸಾಕಾಯಿತು. ಆ ಬೆಳವಣಿಗೆ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಮಾತ್ರ ರೇಖೆ ಎಳೆದು ಊಹಿಸುವಂತಿರಲಿಲ್ಲ; ಆತ ಊಹಿಸಲೂ ಇಲ್ಲ. ಮರುವರ್ಷ ಕಲಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಹಿಡಿದು, ದಿನದಿನವೂ ಸೊಳ್ಳೆಗಳನ್ನು ಸೀಳುತ್ತ ಹೋದ. ಕೋಶಗಳು ಬೆಳೆಯುತ್ತ ಹೋಗಿ ಕೊನೆಗೆ ಒಡೆದವು. ಅವುಗಳಿಂದ ಹೊರಬಿದ್ದ ಸೂಕ್ಷ್ಮತಂತುಗಳು 1898ರ ಜುಲೈಯಲ್ಲಿ ಸೊಳ್ಳೆಯ ಲಾಲಾಗ್ರಂಥಿಯಲ್ಲಿ ಕಂಡವು.