ಹಿತ್ತಿಲ ಕಡೆ ಕೋಣೆ ಕೂಡಿಸುವ ಮುನ್ನ

ಫಸಲಿನಿಂದ ಕೈಗೆ ನಾಲ್ಕು ಕಾಸು ಬಂದ ವರ್ಷ ಬೆಳೆಗಾರ ಬಂಧುಗಳು ಮಾಡಿಸಬೇಕೆಂದುಕೊಳ್ಳುವ ಕೆಲಸಗಳಲ್ಲಿ ಹಳೆಯ ಮನೆಯ ಹಿಂಭಾಗವನ್ನು ವಿಸ್ತರಿಸುವುದೂ ಒಂದು. ಅಡಿಗೆಮನೆ ಇಕ್ಕಟ್ಟು, ಬಚ್ಚಲು ದೂರ, ಮೂಟೆ ಇಡಲು ಜಾಗವಿಲ್ಲ. ಹಳೆಯ ಸೂರಿನಿಂದಲೇ ಮಾಡನ್ನು ಕೆಳಕ್ಕೆ ಇಳಿಸಿ ಗೋಡೆ ಎಬ್ಬಿಸುವುದು ವಾಡಿಕೆ. ಹೊಸ ಕೋಣೆಯೇನೋ ಸಿಗುತ್ತದೆ. ಆದರೆ ಹಳೆಯ ಅಡಿಗೆಮನೆಯ ಕಿಟಕಿ ಮುಚ್ಚಿಹೋಗಿ ಅಲ್ಲಿ ಹಗಲಲ್ಲೇ ದೀಪ ಹಾಕಬೇಕಾಗುತ್ತದೆ.

ಗುಳೇದಗುಡ್ಡದ ಪಾಠ

ಈ ವಿಷಯದಲ್ಲಿ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ನೇಕಾರರಿಂದ ನಾವು ಕಲಿಯತಕ್ಕದ್ದಿದೆ. ಖಣಕ್ಕೆ ಹೆಸರಾದ ಊರು ಅದು. ಖಣ ನೇಯುವ ಕೈಮಗ್ಗ ವಾಸದ ಮನೆಯೊಳಗೇ ಇರುತ್ತದೆ. ಕುಣಿ ಮಗ್ಗದ ನೇಕಾರ ನೆಲದ ಮಟ್ಟದಲ್ಲಿ ಕುಳಿತು, ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಾನೆ. ಕಡಿದ ಎಳೆ ಕಣ್ಣಿಗೆ ಬೀಳದಿದ್ದರೆ ಬಟ್ಟೆ ಕೆಡುತ್ತದೆ. ಗೋಡೆಗೆ ಗೋಡೆ ತಾಗಿದ ಸಾಲುಮನೆಯಲ್ಲಿ ಪಕ್ಕಕ್ಕೆ ಕಿಟಕಿ ಇಡುವಂತಿಲ್ಲ. ಆದ್ದರಿಂದ ಆ ಸೀಮೆಯ ಹಳೆಯ ಮನೆಗಳಲ್ಲಿ ಮಣ್ಣಿನ ಮಾಳಿಗೆಯಲ್ಲೇ ಬೆಳಕಿಂಡಿ ಬಿಡುತ್ತಿದ್ದರು. ಮಳೆ ಬಂದರೆ ಮೇಲೆ ಹತ್ತಿ ಮುಚ್ಚುತ್ತಿದ್ದರು. ಹತ್ತಿರದ ಪಟ್ಟದಕಲ್ಲಿನಲ್ಲಿ 8ನೆಯ ಶತಮಾನದ ವಿರೂಪಾಕ್ಷ ದೇವಾಲಯದ ಕಲ್ಲಿನ ಜಾಲಂಧ್ರಗಳು ಬಿಸಿಲಿನ ಝಳ ತಡೆದು ಬೆಳಕನ್ನು ಒಳಗೆ ಬಿಡುವುದೂ ಇಂಥದೇ ಜಾಣತನ.

ನೇಕಾರನ ಮನೆಯಲ್ಲಿ ದುಡಿಯುವ ಕೈಗೆ ಬೆಳಕು ಬೇಕೇ ಬೇಕು. ನಮ್ಮಲ್ಲಾದರೋ ಬೆಳಕೆಲ್ಲ ನೆಂಟರು ಕೂರುವ ಜಗಲಿಗೆ. ಬೆಳಗಿನಿಂದ ರಾತ್ರಿಯವರೆಗೆ ಹೆಂಗಸರು ಕೆಲಸ ಮಾಡುವ ಹಿಂಭಾಗದಲ್ಲಿ ಕತ್ತಲೆ, ಹೊಗೆ. ವಿಸ್ತರಣೆಗೆ ಹಣ ಹಾಕುವಾಗಲೇ ಇದನ್ನು ಸರಿಪಡಿಸದಿದ್ದರೆ ಮುಂದೆ ಎರಡು ಪಟ್ಟು ಖರ್ಚು.

ನಮಗೆ ಹೊಂದುವ ಕ್ರಮ

ಬಾಗಲಕೋಟೆ ಕಡೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾದರೆ ಮಲೆನಾಡಿನ ಅನೇಕ ಕಡೆ 3000 ಮಿ.ಮೀ. ದಾಟುತ್ತದೆ. ತೆರೆದ ಬೆಳಕಿಂಡಿ ನಮಗೆ ಒಗ್ಗದು. ಅದರ ಬದಲು ಹೀಗೆ ಮಾಡಬಹುದು:

1. ಹಿಂದೆ ಜಾಗವಿದ್ದರೆ ಹಳೆಯ ಗೋಡೆಗೂ ಹೊಸ ಕೋಣೆಗೂ ನಡುವೆ ನಾಲ್ಕೈದು ಅಡಿ ಅಂಗಳ ಬಿಡಿ. ಓಡಾಡಲು ಒಂದು ಬದಿಗೆ ಮಾತ್ರ ಮಾಡು ಹಾಕಿ. ಹಳೆಯ ಕಿಟಕಿಗಳು ಉಳಿಯುತ್ತವೆ. ಅಂಗಳದ ನೀರು ಹೊರಗೆ ಹೋಗಲು ಚರಂಡಿ ಅವಶ್ಯ.

2. ಜಾಗವಿಲ್ಲದವರು ಮಂಗಳೂರು ಹೆಂಚಿನ ನಡುವೆ ಅದೇ ಅಳತೆಯ ಗಾಜಿನ ಹೆಂಚು ಕೂರಿಸಲಿ. ಒಲೆಯ ಹತ್ತಿರ, ಪಾತ್ರೆ ತೊಳೆಯುವಲ್ಲಿ, ಕತ್ತಲೆಯ ನಡುಮನೆಯ ಮೇಲೆ ಎರಡೆರಡು ಸಾಕು; ಹೆಚ್ಚಾದರೆ ಬೇಸಗೆಯಲ್ಲಿ ಸೆಕೆ. ವರ್ಷಕ್ಕೊಮ್ಮೆ ಪಾಚಿ, ಮಸಿ ತೊಳೆಯಬೇಕು.

3. ದೊಡ್ಡ ಕಿಟಕಿ ಉತ್ತರಕ್ಕೋ ಪೂರ್ವಕ್ಕೋ ಇರಲಿ. ಪಡುವಣದಿಂದ ಮಳೆಯ ಎರಚಲು ಬಡಿಯುತ್ತದೆ. ಕುಳಿತು ಮಾಡುವ ಕೆಲಸವಿದ್ದರೆ ಕುಳಿತವರ ಕಣ್ಣಿನ ಮಟ್ಟ ನೋಡಿ ಕಿಟಕಿಯ ಎತ್ತರ ಗೊತ್ತುಮಾಡಿ.

4. ಕಿಟಕಿಗೆ ಎದುರಿನ ಗೋಡೆಗೆ ಸುಣ್ಣ ಬಳಿಯಿರಿ. ಮಸಿ ಹಿಡಿದ ಗೋಡೆ ಬೆಳಕನ್ನು ನುಂಗುತ್ತದೆ. ಸೌದೆ ಒಲೆಗೆ ಹೊಗೆಕೊಳವೆ ಇರಲೇಬೇಕು.

5. ಹಳೆಯ ಮಾಡು, ಹೊಸ ಮಾಡು ಸೇರುವಲ್ಲೇ ಸೋರಿಕೆ ಶುರುವಾಗುವುದು. ಅಲ್ಲಿ ಅಗಲವಾದ ತಗಡಿನ ದೋಣಿ ಹಾಕಿಸಿ. ಅಡಿಕೆ ದಂಬೆಯನ್ನು ನಂಬಬೇಡಿ.

6. ಮಣ್ಣಿನ ಗೋಡೆಯ ಬುಡದಲ್ಲೇ ಆಳದ ಪಾಯ ತೋಡಬಾರದು. ಬಾಗಿಲು ಒಡೆಯುವ ಮೊದಲು ಮೇಲಿನ ಭಾರಕ್ಕೆ ಆಸರೆ ಕೊಟ್ಟು, ತೊಲೆ ಕೂರಿಸಿ.

ಕೊಯಿಲು ಮುಗಿದು ಆಳುಗಳು ಬಿಡುವಾಗುವ ಮಾರ್ಚ್‌ನಲ್ಲಿ ಕೆಲಸ ಹಿಡಿದರೆ ಮೃಗಶಿರಾ ಮಳೆಗೆ ಮುಂಚೆ ಮಾಡು ಮುಚ್ಚಬಹುದು. ಅದಕ್ಕೂ ಮೊದಲು ಮನೆಯ ಹೆಂಗಸರನ್ನು ಕೇಳಿ: ಯಾವ ಹೊತ್ತಿನಲ್ಲಿ, ಯಾವ ಮೂಲೆಯಲ್ಲಿ ಕಣ್ಣಿಗೆ ಕಷ್ಟವಾಗುತ್ತದೆ ಎಂದು. ಆ ಮೂಲೆಗಳನ್ನು ಗುರುತು ಹಾಕಿ ತೋರಿಸಿದ ಮೇಲೆಯೇ ಮೇಸ್ತ್ರಿಯಿಂದ ನಕ್ಷೆ ಬರೆಸುವುದು ಲೇಸು.